ಈರುಳ್ಳಿ ಮುಟ್ಟದ ನೆಂಟರು

"ಏನ್ ಸಾರ್, ಮನೇಲಿ ಅಡಿಗೇನೇ ಮಾಡಲ್ವಾ?" ಕಸದ ಗಾಡಿಯ ಹೆಂಗಸು ನನ್ನ ಹಸಿರು ಬಕೆಟ್ಟಿನೊಳಗೆ ಇಣುಕಿ ಕೇಳಿದರು. ಅದರಲ್ಲಿ ಅವತ್ತು ಇದ್ದದ್ದು ಒಂದಿಷ್ಟು ಈರುಳ್ಳಿ ಸಿಪ್ಪೆ, ಹಿಂಡಿದ ನಿಂಬೆ ಹೋಳು, ಒಂದು ತೆಂಗಿನ ಚಿಪ್ಪು, ಅಷ್ಟೇ. "ಎರೆಹುಳ ಸಾಕಿದ್ದೀವಮ್ಮ, ಮಿಕ್ಕಿದ್ದೆಲ್ಲ ಅವಕ್ಕೆ" ಎಂದೆ. ದನಿಯಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು. ಅವರು ಬಕೆಟ್ಟನ್ನು ಗಾಡಿಗೆ ಬಗ್ಗಿಸಿ, ಅಂಚಿಗೆ ಎರಡು ಸಲ ಬಡಿದು ನನ್ನ ಕೈಗಿತ್ತರು. "ನಮಗೇನ್ ಬಿಡಿ ಸಾರ್, ದಿನಾ ಹುಳಾನೇ" ಎಂದು ಮುಂದಿನ ಗೇಟಿಗೆ ನಡೆದರು.

ಆ ಮಾತಿಗೆ ಆಮೇಲೆ ಬರುತ್ತೇನೆ.

ಮಲೆನಾಡಿನ ನಮ್ಮ ಮನೆಯಲ್ಲಿ ಅಡಿಗೆಮನೆಯ ಹಿಂಬಾಗಿಲ ಪಕ್ಕ ಸದಾ ಒಂದು ಕಲಗಚ್ಚಿನ ಬಾನಿ ಇರುತ್ತಿತ್ತು. ಅಕ್ಕಿ ತೊಳೆದ ನೀರು, ಬಸಿದ ಗಂಜಿ, ಸೌತೆಕಾಯಿಯ ತಿರುಳು, ಬಾಳೆಹಣ್ಣಿನ ಸಿಪ್ಪೆ ಎಲ್ಲ ಅದಕ್ಕೆ. ಸಂಜೆ ಕೊಟ್ಟಿಗೆಗೆ ಒಯ್ದಿಟ್ಟರೆ ದನಗಳು ಸೊರ್ರೆಂದು ಹೀರುತ್ತಿದ್ದವು. ದನ ಒಲ್ಲದ್ದು ಗೊಬ್ಬರದ ಗುಂಡಿಗೆ. ಅಡಿಗೆಮನೆಯಿಂದ ಹೊರಬಿದ್ದ ಪ್ರತಿಯೊಂದಕ್ಕೂ ಒಬ್ಬ ವಾರಸುದಾರನಿದ್ದ. ಬೆಂಗಳೂರಿನ ಎರಡನೇ ಮಹಡಿಗೆ ಬಂದ ಮೇಲೆ ಅದೇ ಸೌತೆಕಾಯಿ ಸಿಪ್ಪೆ ಕಸವಾಯಿತು. ಸಿಪ್ಪೆ ಬದಲಾಗಿರಲಿಲ್ಲ. ಕೊಟ್ಟಿಗೆ ಇರಲಿಲ್ಲ.

ಆ ಖಾಲಿ ಜಾಗಕ್ಕೆಂದು ನಾನು ತಂದದ್ದು ಅರ್ಧ ಕಿಲೋ ಎರೆಹುಳು. ಮಳೆಗಾಲದಲ್ಲಿ ಅಂಗಳದಲ್ಲಿ ಹರಿದಾಡುವ ಹುಳುವನ್ನೇ ಹಿಡಿದು ಹಾಕಿದರಾಯಿತು ಎಂದುಕೊಳ್ಳುವವರಿದ್ದಾರೆ. ಅವು ಮಣ್ಣಿನಾಳದಲ್ಲಿ ಬಿಲ ಕೊರೆದು ಬದುಕುವ ಜಾತಿ, ತೊಟ್ಟಿಯಲ್ಲಿ ಬಾಳುವುದಿಲ್ಲ. ನಮಗೆ ಬೇಕಾದವು ತರಗೆಲೆ, ಹಳೆ ಸಗಣಿಯ ನಡುವೆ ಮೇಲ್ಪದರದಲ್ಲೇ ಸಂಸಾರ ಹೂಡುವಂಥವು. ಯುರೋಪಿನ ಮೂಲದ ಐಸೀನಿಯಾ ಫೆಟಿಡಾ, ಆಫ್ರಿಕಾದ ಯೂಡ್ರಿಲಸ್ ಯೂಜೀನಿಯೆ, ನಮ್ಮ ಕಡೆಯದೇ ಆದ ಪೆರಿಯೋನಿಕ್ಸ್ ಎಕ್ಸ್‌ಕವೇಟಸ್ ಈ ಕೆಲಸಕ್ಕೆ ಹೆಸರಾದವು.

ಮನೆಗೆ ಬಂದ ಮೇಲೆ ಗೊತ್ತಾಯಿತು, ಇವು ನಮ್ಮಜ್ಜಿಗಿಂತ ಹೆಚ್ಚು ಮಡಿ. ಈರುಳ್ಳಿ ಬೆಳ್ಳುಳ್ಳಿ ಒಲ್ಲವು. ಮೆಣಸಿನಕಾಯಿ ಸೇರದು, ನಿಂಬೆ ಮೋಸಂಬಿಯ ಹುಳಿ ಆಗದು, ಉಪ್ಪು ಎಣ್ಣೆ ತಾಗಿದ್ದು ಬೇಡ, ಮಾಂಸ ಮೀನಂತೂ ಬೇಡವೇ ಬೇಡ. ಒಗ್ಗುವುದು ಸೋರೆಕಾಯಿ, ಬಾಳೆಸಿಪ್ಪೆ, ಕಲ್ಲಂಗಡಿ, ಸೊಪ್ಪಿನ ದಂಟು, ಕಾಫಿ ಫಿಲ್ಟರಿನ ಗಷ್ಟು. ಅಜ್ಜಿಯ ಚಾತುರ್ಮಾಸ್ಯದ ಅಡಿಗೆ ನೆನಪಾಯಿತು. ಒಂದೇ ವ್ಯತ್ಯಾಸವೆಂದರೆ, ಇವು ಕೊಳೆತದ್ದನ್ನೇ ಇಷ್ಟಪಡುತ್ತವೆ. ಹಲ್ಲಿಲ್ಲದ ಈ ಜೀವಿಗೆ ಸಿಪ್ಪೆಗಿಂತ ಸಿಪ್ಪೆಯನ್ನು ಮೆತ್ತಗಾಗಿಸುವ ಸೂಕ್ಷ್ಮಜೀವಿಗಳೇ ನಿಜವಾದ ಊಟ.

ಈ ಪಥ್ಯ ತಿಳಿಯುವ ಮೊದಲೇ ನಾನೊಂದು ಅನಾಹುತ ಮಾಡಿದ್ದೆ. ಹಬ್ಬದ ಮರುದಿನ ಉಳಿದ ಬಿಸಿಬೇಳೆಬಾತನ್ನು, ಪಾಪ ಅವೂ ಹಬ್ಬ ಮಾಡಲಿ ಎಂದು, ತೊಟ್ಟಿಗೆ ಸುರಿದೆ. ಮೂರನೇ ದಿನ ತೊಟ್ಟಿ ಬಿಸಿಯಾಗಿ ಹುಳಿನಾತ ಎದ್ದಿತು. ಬೆಳಗಾಗುವಷ್ಟರಲ್ಲಿ ಹುಳುಗಳು ಅಂಚು ದಾಟಿ ಬಾಲ್ಕನಿಯ ಟೈಲ್ಸಿನ ಮೇಲೆ ದಾರದ ತುಂಡುಗಳಂತೆ ಒಣಗಿ ಬಿದ್ದಿದ್ದವು. ಎರೆಹುಳು ಉಸಿರಾಡುವುದು ಒದ್ದೆ ಚರ್ಮದಿಂದ. ಒಣಗಿದರೆ ಸತ್ತಂತೆ, ಒಳಗೆ ಗಾಳಿಯಿಲ್ಲದಿದ್ದರೂ ಸತ್ತಂತೆ. ಹೆಂಡತಿ ಪೊರಕೆ ತಂದು ಕೊಟ್ಟಳು. ಏನೂ ಅನ್ನಲಿಲ್ಲ, ಅದೇ ಕಷ್ಟವಾಯಿತು.

ಎರಡನೇ ಸಲ ಕಲಿತು ಮಾಡಿದೆ. ತಳಕ್ಕೂ ಪಕ್ಕಕ್ಕೂ ತೂತು ಕೊರೆದ ಪ್ಲಾಸ್ಟಿಕ್ ತೊಟ್ಟಿ, ಕೆಳಗೆ ಸೋರಿದ ನೀರಿಗೊಂದು ತಟ್ಟೆ. ಹಾಸಿಗೆಗೆ ನೆನೆಸಿ ಹಿಂಡಿದ ತೆಂಗಿನ ನಾರಿನ ಪುಡಿ, ಒಣ ಎಲೆ, ಒಂದು ಹಿಡಿ ಹಳೆ ಸಗಣಿ, ಮತ್ತೆ ಹರಿದ ಪತ್ರಿಕೆ. ಹೊಳಪು ಕಾಗದದ ಪುರವಣಿ ಬೇಡ, ಮಾಮೂಲಿ ಪುಟ ಸಾಕು. ಕೆಲವು ವಾರ ನನ್ನ ಅಂಕಣವನ್ನೇ ಹಾಸಿದ್ದೇನೆ. ಓದುಗರಿಗಿಂತ ಹುಳುಗಳಿಗೆ ಅದು ಚೆನ್ನಾಗಿ ಜೀರ್ಣವಾಗಿದೆ. ಹಾಸಿಗೆಯ ಒಂದು ಹಿಡಿ ಹಿಂಡಿದರೆ ಒಂದೆರಡು ಹನಿ ಬರಬೇಕು, ಧಾರೆ ಬರಬಾರದು. ಸಿಪ್ಪೆಯನ್ನು ಸಣ್ಣಗೆ ಹೆಚ್ಚಿ ಒಂದು ಮೂಲೆಯಲ್ಲಿ ಹೂತು ಮೇಲೆ ಒಣ ಎಲೆ ಮುಚ್ಚಿದರೆ ನೊಣದ ಕಾಟವಿಲ್ಲ. ಇರುವೆಗೆ ಅಮ್ಮ ಬೆಲ್ಲದ ಡಬ್ಬಕ್ಕೆ ಮಾಡುತ್ತಿದ್ದ ಉಪಾಯವೇ ಸರಿ: ಸ್ಟ್ಯಾಂಡಿನ ನಾಲ್ಕು ಕಾಲೂ ನೀರಿನ ಬಟ್ಟಲಲ್ಲಿ. ಹಾಕಿದ್ದು ಕರಗುವ ಮೊದಲು ಮತ್ತೆ ಹಾಕಬಾರದು ಎಂಬುದು ಎಲ್ಲಕ್ಕಿಂತ ದೊಡ್ಡ ನಿಯಮ.

ತೊಟ್ಟಿಯನ್ನು ವಾಷಿಂಗ್ ಮೆಷಿನ್ ಪಕ್ಕ ಇಡಬೇಡಿ. ಇದಕ್ಕೆ ಚಾರ್ಲ್ಸ್ ಡಾರ್ವಿನ್ನರದೇ ಸಾಕ್ಷಿಯಿದೆ. ಸಾಯುವ ಹಿಂದಿನ ವರ್ಷ, 1881ರಲ್ಲಿ, ಅವರು ಪ್ರಕಟಿಸಿದ ಕೊನೆಯ ಪುಸ್ತಕ ಎರೆಹುಳುಗಳ ಬಗ್ಗೆ. ಮನೆಯಲ್ಲಿ ಕುಂಡಗಳಲ್ಲಿ ಹುಳು ಸಾಕಿ, ಅವುಗಳ ಮುಂದೆ ವಾದ್ಯ ಊದಿಸಿ, ಪಿಯಾನೋ ನುಡಿಸಿ ನೋಡಿದರು. ಹುಳುಗಳು ಕದಲಲಿಲ್ಲ. ಕುಂಡವನ್ನು ಪಿಯಾನೋದ ಮೇಲೆಯೇ ಇಟ್ಟು ಸ್ವರ ಒತ್ತಿದಾಗ ಮಾತ್ರ ಸರಕ್ಕನೆ ಬಿಲಕ್ಕೆ ಜಾರಿದವು. ಕಿವಿಯಿಲ್ಲ, ಆದರೆ ಕಂಪನ ಮೈಗೆ ತಿಳಿಯುತ್ತದೆ.

ಸುಮಾರು ಎರಡು ಮೂರು ತಿಂಗಳಿಗೆ ತೊಟ್ಟಿಯ ತಳ ಕಪ್ಪಗೆ ಹರಳುಗಟ್ಟುತ್ತದೆ, ಟೀ ಪುಡಿಯ ಹಾಗೆ. ಹಳೆ ಶೀಟಿನ ಮೇಲೆ ಗುಡ್ಡೆ ಮಾಡಿ ಬೆಳಕಿಗಿಟ್ಟರೆ ಹುಳುಗಳು ಬೆಳಕಿಗೆ ಹೆದರಿ ಅಡಿಗಿಳಿಯುತ್ತವೆ, ಮೇಲಿನ ಗೊಬ್ಬರ ಬಳಿದುಕೊಳ್ಳಬಹುದು. ಮೂಗಿಗೆ ಹಿಡಿದರೆ ಮೊದಲ ಮಳೆಯ ಮಣ್ಣಿನ ವಾಸನೆ. ಜೊತೆಗೆ ಕರಗದೆ ಉಳಿದ ಟೊಮೆಟೊ, ಕುಂಬಳದ ಬೀಜ ಕುಂಡದಲ್ಲಿ ತಾನಾಗಿ ಮೊಳೆಯುತ್ತದೆ. ನಮ್ಮ ಬಾಲ್ಕನಿಯಲ್ಲಿ ಒಮ್ಮೆ ಮಾವಿನ ಓಟೆಯೂ ಚಿಗುರಿತು. ಅದನ್ನು ಎಲ್ಲಿ ನೆಡುವುದೆಂಬ ಚರ್ಚೆ ಮನೆಯಲ್ಲಿ ಇನ್ನೂ ಮುಗಿದಿಲ್ಲ.

ಇದು ಬೆಂಗಳೂರಿಗೆ ಹೊಸ ವಿದ್ಯೆಯೇನಲ್ಲ. ಇಲ್ಲಿನ ಕೃಷಿ ವಿಶ್ವವಿದ್ಯಾಲಯದಲ್ಲಿ ಡಾ. ರಾಧಾ ಕಾಳೆ ಅವರು 1980ರ ದಶಕದಲ್ಲೇ ಎರೆಗೊಬ್ಬರದ ಮೇಲೆ ಕೆಲಸ ಮಾಡಿದ್ದರು. ಮುಂದೆ ತಮ್ಮ ಪುಸ್ತಕದ ಹೆಸರಿನಲ್ಲೇ ಎರೆಹುಳುವನ್ನು ಸಾವಯವ ಕೃಷಿಯ ಸಿಂಡ್ರೆಲಾ ಎಂದರು. ಮನೆಯ ಕೊಳಕು ಕೆಲಸವೆಲ್ಲ ಮಾಡಿಯೂ ಒಲೆಯ ಬೂದಿಯ ಪಕ್ಕ ಕೂತಿದ್ದ ಆ ಹುಡುಗಿ.

ಈಗ ಗಾಡಿಯ ಹೆಂಗಸಿನ ಮಾತಿಗೆ ಬರೋಣ. ನಾನು ದುಡ್ಡು ಕೊಟ್ಟು ತಂದ ಹುಳು ಬೇರೆ, ಅವರು ದಿನಾ ನೋಡುವ ಹುಳು ಬೇರೆ. ಅವರದು ಮೂರು ದಿನ ಗಂಟು ಕಟ್ಟಿಟ್ಟ ಪ್ಲಾಸ್ಟಿಕ್ ಕವರ್ ಬಿಚ್ಚಿದಾಗ ಮುಸುರೆಯ ನಡುವೆ ಮಿಜಿಗುಡುವ ನೊಣದ ಮರಿ. ಜೊತೆಗೆ ಒಡೆದ ಗಾಜು, ಬಳಸಿದ ಡಯಾಪರ್. ಅದನ್ನು ಬಿಚ್ಚಿ ಬೇರೆ ಮಾಡುವುದು ಅವರ ಕೈ, ಎಷ್ಟೋ ಸಲ ಬರಿಗೈ. 2016ರ ಘನತ್ಯಾಜ್ಯ ನಿಯಮಗಳು ಕಸ ಬೇರ್ಪಡಿಸುವ ಹೊಣೆಯನ್ನು ಹಾಕಿದ್ದು ಕಸ ಹುಟ್ಟುವ ಮನೆಯ ಮೇಲೆ. ಹುಳು ಸಾಕಿದ್ದೇನೆ ಎಂದಾಗ "ಅಯ್ಯೋ, ಮನೆಯೊಳಗಾ? ಅಸಹ್ಯ!" ಎಂದು ಮುಖ ಕಿವುಚಿದ ಗೆಳೆಯರು ನನಗಿದ್ದಾರೆ. ಅಸಹ್ಯ ನಿಜ. ಆದರೆ ನಾವು ಅದನ್ನು ಕವರಿನಲ್ಲಿ ಕಟ್ಟಿ ಗೇಟಿನಾಚೆ ಇಟ್ಟರೆ ಅದು ಇನ್ನೊಬ್ಬರ ಕೈ ಸೇರುತ್ತದೆ. ಎಂಜಲು ಮುಸುರೆಯನ್ನು ಯಾರು ಬಳಿಯಬೇಕು ಎಂಬ ನಮ್ಮ ಹಳೆಯ ಏರ್ಪಾಡೇ ಟಿಪ್ಪರ್ ಗಾಡಿ ಹತ್ತಿ ಇವತ್ತಿಗೂ ಓಡಾಡುತ್ತಿದೆ.

ಗಾಡಿಯಾಚೆಗೂ ಅದು ಹೋಗುತ್ತದೆ. ಬೆಂಗಳೂರಿನ ಕಸ ಸುರಿಯುತ್ತಿದ್ದ ಹಳ್ಳಿಗಳಾದ ಮಾವಳ್ಳಿಪುರದವರು, ಮಂಡೂರಿನವರು ವರ್ಷಗಟ್ಟಲೆ ನಮ್ಮ ಹಸಿಕಸದ ನಾತ ಕುಡಿದರು. ಹೋರಾಡಿ ಹೋರಾಡಿ ಮಾವಳ್ಳಿಪುರ 2012ರಲ್ಲಿ, ಮಂಡೂರು 2014ರ ಕೊನೆಯಲ್ಲಿ ಲಾರಿಗಳನ್ನು ನಿಲ್ಲಿಸಿದವು. ಲಾರಿಗಳು ಬೇರೆ ಹಳ್ಳಿಯ ಕಲ್ಲುಕ್ವಾರಿಯ ದಾರಿ ಹಿಡಿದವು. ಗುಡ್ಡೆ ಹಾಕಿದ ಹಸಿಕಸ ಗಾಳಿಯಿಲ್ಲದೆ ಕೊಳೆತು ಮೀಥೇನ್ ಉಗುಳುತ್ತದೆ, ಅದರ ಕಪ್ಪು ರಸ ಬಾವಿಗೆ ಇಳಿಯುತ್ತದೆ. ಅದೇ ಸಿಪ್ಪೆ ಗಾಳಿಯಾಡುವ ತೊಟ್ಟಿಯಲ್ಲಿ ಗೊಬ್ಬರವಾಗುತ್ತದೆ.

ನನ್ನ ಒಂದು ತೊಟ್ಟಿಯಿಂದ ಬೆಂಗಳೂರು ಉದ್ಧಾರವಾಗುತ್ತದೆಂಬ ಭ್ರಮೆ ನನಗಿಲ್ಲ. ನಗರದ ಕಸ ನಗರಾಡಳಿತದ ಕೆಲಸ. ಪೌರಕಾರ್ಮಿಕರಿಗೆ ಸರಿಯಾದ ಸಂಬಳ, ಗ್ಲೌಸು, ವಾರದ ರಜೆ ಕೊಡುವುದು ಹುಳುವಿನ ಕೈಲಿ ಆಗುವುದಲ್ಲ. ಬಾಡಿಗೆಯ ಒಂದೇ ಕೋಣೆಯಲ್ಲಿ ಬಾಲ್ಕನಿಯಿಲ್ಲದೆ ಬದುಕುವವರಿಗೆ ಇದನ್ನು ಉಪದೇಶಿಸುವುದೂ ತಪ್ಪು. ಆದರೆ ಕುಂಡಗಳಿಗೆ ಜಾಗವಿರುವ ಮನೆಯಲ್ಲಿ ತೊಟ್ಟಿಗೆ ಜಾಗವಿಲ್ಲ ಎಂದರೆ ನಾನು ಒಪ್ಪುವುದಿಲ್ಲ.

ಒಂದು ಕೆಲಸ ಮಾಡಿ. ನಾಳೆ ಬೆಳಿಗ್ಗೆ ಗಾಡಿ ಬರುವ ಮೊದಲು ನಿಮ್ಮ ಹಸಿಕಸದ ಬಕೆಟ್ಟನ್ನು ಒಂದು ಪೇಪರ್ ಮೇಲೆ ಸುರಿದು, ನಿಮ್ಮ ಕೈಯಿಂದಲೇ ಒಮ್ಮೆ ವಿಂಗಡಿಸಿ. ಎರೆಹುಳು ತರುವುದೋ ಬಿಡುವುದೋ ಕೈ ತೊಳೆದುಕೊಂಡ ಮೇಲೆ ತೀರ್ಮಾನಿಸಿ.