ಬಾಗಿಲ ಹೊರಗೆ ಯಾರು?

ಸಣ್ಣ ಕತೆಯೊಂದನ್ನು ವಿಮರ್ಶಿಸಿರೆಂದು ಪರೀಕ್ಷೆಯಲ್ಲಿ ಕೇಳಿದರೆ ಬರುವ ಉತ್ತರಗಳೆಲ್ಲ ಒಂದೇ ಅಚ್ಚಿನವು: ವಸ್ತು, ಪಾತ್ರ, ಸನ್ನಿವೇಶ, ವಾತಾವರಣ, ಸಂದೇಶ. ಕತೆ ರೋಮಾಂಚಕಾರಿಯಾಗಿದ್ದರೆ 'ಕೊನೆಯವರೆಗೂ ಕುತೂಹಲವನ್ನು ಕೆರಳಿಸುತ್ತದೆ' ಎಂಬ ವಾಕ್ಯವೊಂದು ಹೆಚ್ಚಾಗಿ ಸೇರುತ್ತದೆ. ಆ ಕುತೂಹಲ ಎಲ್ಲಿ ಹುಟ್ಟಿತು, ಯಾವ ಮಾತಿನಿಂದ ಬೆಳೆಯಿತು ಎಂಬುದನ್ನು ಬರೆದವನೂ ಹೇಳುವುದಿಲ್ಲ, ಓದುವವನೂ ಕೇಳುವುದಿಲ್ಲ. ಅಂಗಾಂಗಗಳ ಪಟ್ಟಿ ಪೂರ್ತಿಯಾಗುತ್ತದೆ; ಕತೆಯ ಉಸಿರು ಮಾತ್ರ ಕೈಗೆ ಸಿಗುವುದಿಲ್ಲ.

ನಮ್ಮ ತರಗತಿಗಳಿಗೆ ಚೆನ್ನಾಗಿ ಪರಿಚಯವಿರುವ ಕತೆಯೊಂದನ್ನೇ ತೆಗೆದುಕೊಳ್ಳೋಣ. ಡಬ್ಲ್ಯು. ಡಬ್ಲ್ಯು. ಜೇಕಬ್ಸನ 'ದಿ ಮಂಕೀಸ್ ಪಾ', ಎಂದರೆ 'ಕೋತಿಯ ಕೈ', ಪ್ರಕಟವಾದುದು 1902ರಲ್ಲಿ. ಲಂಡನ್ನಿನ ಹಡಗುಕಟ್ಟೆಯ ನಾವಿಕರನ್ನು ಕುರಿತು ನಗೆಗತೆಗಳನ್ನು ಬರೆದು ಹೆಸರಾದವನು ಈತ. ಭಯದ ಕತೆ ನಗಿಸಬಲ್ಲವನ ಕೈಯಿಂದ ಬಂದುದು ಆಕಸ್ಮಿಕವೆಂದು ನನಗೆ ತೋರುವುದಿಲ್ಲ. ನಗೆಗಾರನಿಗೂ ಭಯವನ್ನು ಹುಟ್ಟಿಸುವವನಿಗೂ ಬೇಕಾದ ವಿದ್ಯೆ ಒಂದೇ: ಯಾವ ಮಾತನ್ನು ಎಷ್ಟು ಹೊತ್ತು ತಡೆದು ಹಿಡಿಯಬೇಕೆಂಬ ಅರಿವು.

ಇಪ್ಪತ್ತೊಂದು ವರ್ಷ ಭಾರತದಲ್ಲಿದ್ದು ಮರಳಿದ ಸಾರ್ಜೆಂಟ್ ಮೇಜರ್ ಮಾರಿಸ್, ಫಕೀರನೊಬ್ಬ ಮಂತ್ರಿಸಿದ ಒಣಗಿದ ಕೋತಿಯ ಕೈಯನ್ನು ವೈಟ್ ದಂಪತಿಗಳ ಮನೆಗೆ ತರುತ್ತಾನೆ. ಮೂವರಿಗೆ ಮೂರು ಮೂರು ವರಗಳನ್ನು ಕೊಡುವ ಕೈ ಅದು. ಮೊದಲ ಒಡೆಯನು ಮೂರನೆಯ ವರವಾಗಿ ಸಾವನ್ನು ಬೇಡಿದನೆಂಬುದನ್ನು ಕತೆಗಾರ ಆರಂಭದಲ್ಲಿಯೇ ಹೇಳಿಬಿಡುತ್ತಾನೆ. ಗುಟ್ಟನ್ನು ಕೊನೆಯವರೆಗೆ ಮುಚ್ಚಿಡುವುದೇ ಕುತೂಹಲದ ಮರ್ಮವಾಗಿದ್ದರೆ ಇದು ದೊಡ್ಡ ಅಪರಾಧವಾಗಬೇಕಿತ್ತು. ಆದರೆ ಇಲ್ಲಿ ಉತ್ಕಂಠೆ ಹುಟ್ಟುವುದೇ ವಾಚಕನಿಗೆ ತಿಳಿದಿರುವುದರಿಂದ. ಕೇಡು ಬರುತ್ತದೆಂಬುದು ಗೊತ್ತು. ಯಾವ ದಾರಿಯಲ್ಲಿ ಬರುತ್ತದೆಂಬುದೊಂದೇ ಗೊತ್ತಿಲ್ಲ. ಪತ್ತೇದಾರಿ ಕತೆ ಎರಡನೆಯ ಓದಿಗೆ ಬಹುಮಟ್ಟಿಗೆ ಬರಿದಾಗುತ್ತದೆ. ಇದು ಎರಡನೆಯ ಓದಿನಲ್ಲಿ ಇನ್ನಷ್ಟು ಬಿಗಿಯುತ್ತದೆ.

ಕತೆಯ ಮೊದಲಲ್ಲಿ ತಂದೆ ಚದುರಂಗದಲ್ಲಿ ತನ್ನ ರಾಜನನ್ನು ಅನಾವಶ್ಯಕವಾಗಿ ಅಪಾಯಕ್ಕೊಡ್ಡುವುದನ್ನು ಎಲ್ಲ ಅಧ್ಯಾಪಕರೂ ಎತ್ತಿ ತೋರಿಸುತ್ತಾರೆ. ಸರಿಯೇ, ಆದರೆ ಅದು ಸುಲಭದ ಸೂಚನೆ. ಅದಕ್ಕಿಂತ ಬಲವಾದುದು ಇನ್ನೂರು ಪೌಂಡು ಎಂಬ ಲೆಕ್ಕ. ಮನೆಯ ಸಾಲ ತೀರುವಷ್ಟೇ ಹಣ ಅದು. ಬೇಡಲು ಹೇಳಿಕೊಟ್ಟವನು ಮಗ ಹರ್ಬರ್ಟನೇ. ಮರುದಿನ ಅಪರಿಚಿತನೊಬ್ಬ ಗೇಟಿನ ಬಳಿ ಮೂರು ಸಲ ನಿಂತು, ನಾಲ್ಕನೆಯ ಸಲ ಒಳಗೆ ಬರುತ್ತಾನೆ. ಅವನ ಹೊಸ ರೇಷ್ಮೆ ಟೋಪಿಯನ್ನು ಕಂಡು ತಾಯಿಗೆ ಹಣದ ನೆನಪಾಗುತ್ತದೆ. ಮಗ ಯಂತ್ರಕ್ಕೆ ಸಿಕ್ಕು ಸತ್ತಿದ್ದಾನೆ. ತನಗೆ ಹೊಣೆಯಿಲ್ಲವೆಂದರೂ ಕಂಪೆನಿ ಪರಿಹಾರವೆಂದು ಒಂದಿಷ್ಟು ಹಣ ಕೊಡಬಯಸುತ್ತದೆ. ಎಷ್ಟು ಎಂದು ತಂದೆ ಕೇಳುವ ಆ ಕ್ಷಣದಲ್ಲಿ ಉತ್ತರ ವಾಚಕನ ನಾಲಗೆಯ ಮೇಲಿರುತ್ತದೆ. ಭೂತ ಪ್ರೇತಗಳಾವುವೂ ಇಲ್ಲಿ ಕಾಣಿಸಿಕೊಂಡಿಲ್ಲ. ಬಂದವನು ಕಂಪೆನಿಯ ಗುಮಾಸ್ತ. ಎಲ್ಲವೂ ಕಾಕತಾಳೀಯವೆಂದು ವಾದಿಸಲು ಬೇಕಾದ ಎಡೆಯನ್ನೂ ಕತೆಗಾರ ಬಿಟ್ಟಿದ್ದಾನೆ.

ಕಡೆಯ ಭಾಗಕ್ಕೆ ಬಂದಾಗ ನಮ್ಮ ಅಲಂಕಾರಶಾಸ್ತ್ರ ಹೊರಗಿನಿಂದ ತಂದ ಅಳತೆಗೋಲುಗಳಿಗಿಂತ ಹೆಚ್ಚು ನೆರವಾಗುತ್ತದೆಂಬುದು ನನ್ನ ಅಭಿಪ್ರಾಯ. ಹೆಂಡತಿಯ ಹಟಕ್ಕೆ ಸೋತು ಮುದುಕ, ಸತ್ತ ಮಗ ಬದುಕಿ ಬರಲೆಂದು ಎರಡನೆಯ ವರ ಬೇಡುತ್ತಾನೆ. ಮಗ ಸತ್ತು ಹತ್ತು ದಿನವಾಗಿದೆ. ಬಟ್ಟೆಯಿಂದಲ್ಲದೆ ಅವನನ್ನು ಗುರುತಿಸಲಾಗಿರಲಿಲ್ಲ. ಅದನ್ನು ಕಣ್ಣಾರೆ ಕಂಡವನು ತಂದೆ, ಕಾಣದವಳು ತಾಯಿ. ಮೋಂಬತ್ತಿ ಆರಿ ಕತ್ತಲಾದ ಮೇಲೆ ಬಾಗಿಲ ಮೇಲೆ ತಟ್ಟಿದ ಸದ್ದು. ವಿಭಾವ ಒಂದೇ, ಅದು ತಾಯಿಯಲ್ಲಿ ಔತ್ಸುಕ್ಯವಾಗಿ, ತಂದೆಯಲ್ಲಿ ತ್ರಾಸವಾಗಿ ಪರಿಣಮಿಸುತ್ತದೆ. ಒಂದೇ ಸದ್ದಿಗೆ ಕರುಣವೂ ಭಯಾನಕವೂ ಎದ್ದು ಒಂದನ್ನೊಂದು ಹಿಡಿದೆಳೆಯುತ್ತವೆ. ಅವಳು ಮೇಲಿನ ಅಗಳಿ ಎಟುಕದೆ ಕುರ್ಚಿಯನ್ನು ಎಳೆದು ತರುತ್ತಾಳೆ. ಅವನು ನೆಲದ ಮೇಲೆ ಕೈಯೂರಿ ಆ ಕೋತಿಯ ಕೈಗಾಗಿ ತಡಕಾಡುತ್ತಾನೆ. ವಾಚಕನ ಮನಸ್ಸು ಯಾರ ಪಕ್ಷ? ಬಾಗಿಲು ತೆರೆಯಲೆಂದೂ ತೆರೆಯದಿರಲೆಂದೂ ಒಟ್ಟಿಗೇ ಹಾರೈಸುವ ಈ ಇಕ್ಕಟ್ಟೇ ಕತೆಯ ಪ್ರಾಣ. ಎರಡು ಪ್ರೀತಿಗಳ ನಡುವೆ ಒಂದು ಅಗಳಿ! 'ಸಂಘರ್ಷ' ಎಂಬ ಶೀರ್ಷಿಕೆಯ ಕೆಳಗೆ ಇದನ್ನು ಒಂದು ಸಾಲಿನಲ್ಲಿ ಮುಗಿಸಿದರೆ ಏನನ್ನು ಹೇಳಿದಂತಾಯಿತು?

ಮುದುಕ ಮೂರನೆಯ ವರವನ್ನು ಬೇಡುತ್ತಾನೆ. ಅದರ ಮಾತುಗಳನ್ನು ಕತೆಗಾರ ಕೊಡುವುದಿಲ್ಲ. ಸದ್ದು ನಿಲ್ಲುತ್ತದೆ. ಬಾಗಿಲು ತೆರೆದಾಗ ಕಾಣುವುದು ಬೀದಿಯ ದೀಪ, ಜನರಿಲ್ಲದ ರಸ್ತೆ. ಹೊರಗಿದ್ದುದು ಏನೆಂಬುದು ವಾಚ್ಯವಾಗಲೇ ಇಲ್ಲ. ವಾಚ್ಯವಾಗಿದ್ದರೆ ಎಷ್ಟು ಭೀಕರವಾಗಿ ವರ್ಣಿಸಿದರೂ ಅದಕ್ಕೊಂದು ಮಿತಿ ಬರುತ್ತಿತ್ತು. ಆನಂದವರ್ಧನನು ಒಂಬತ್ತನೆಯ ಶತಮಾನದಲ್ಲಿ ಕಾವ್ಯವನ್ನು ಕುರಿತು ಧ್ವನಿಯೆಂದು ಏನನ್ನು ವಿವರಿಸಿದನೋ ಅದಕ್ಕೆ ಇಂಗ್ಲಿಷ್ ಗದ್ಯದಿಂದ ಇದಕ್ಕಿಂತ ಒಳ್ಳೆಯ ನಿದರ್ಶನವನ್ನು ಹುಡುಕುವುದು ಕಷ್ಟ.

ಇನ್ನು ಸಂದೇಶದ ಮಾತು. ವಿಧಿಯೇ ಬಾಳನ್ನು ಆಳುತ್ತದೆ, ಅದರೊಡನೆ ಸೆಣಸಿದವರು ದುಃಖಪಡುತ್ತಾರೆ ಎಂಬುದೇ ಕತೆಯ ತಾತ್ಪರ್ಯವೆಂದು ಉತ್ತರ ಪತ್ರಿಕೆಗಳು ಸಾರುತ್ತವೆ. ಅದು ಫಕೀರನ ಅಭಿಪ್ರಾಯವೆಂದು ಮಾರಿಸ್ ಹೇಳುವ ಮಾತು. ಪಾತ್ರದ ಮಾತನ್ನು ಕತೆಯ ತೀರ್ಪೆಂದು ಭಾವಿಸುವುದು ಅವಸರ. ಆ ಫಕೀರನಾದರೋ ಅಂದಿನ ಇಂಗ್ಲಿಷ್ ವಾಚಕರ ಕಲ್ಪನೆಯ ಭಾರತದಿಂದ ಎರವಲು ತಂದ ರಂಗಸಾಮಗ್ರಿ. ಕೆಲಸವಾದ ಮೇಲೆ ಅವನ ಗೊಡವೆ ಕತೆಗಿಲ್ಲ. ಆ ತಾಯಿ ವಿಧಿಯೊಡನೆ ಸೆಣಸಲು ಹೊರಟವಳೂ ಅಲ್ಲ. ಮಗ ಬಾಗಿಲಲ್ಲಿ ನಿಂತಿದ್ದಾನೆ ಎಂದು ಓಡಿದವಳು.

ಈ ಕತೆಯನ್ನು ಲೂಯಿ ಪಾರ್ಕರ್ 1903ರಲ್ಲಿ ಏಕಾಂಕ ನಾಟಕವಾಗಿಸಿದನು. ರಂಗದ ಮೇಲೆ ಬಾಗಿಲು ತಟ್ಟುವ ಸದ್ದನ್ನು ಯಾರಾದರೂ ಮಾಡಲೇಬೇಕು. ಅದು ಇಷ್ಟೇ ಜೋರು, ಇಂಥದೇ ಸದ್ದು ಎಂದು ಗೊತ್ತಾಗಿಬಿಡುತ್ತದೆ. ಪುಟದ ಮೇಲೆ ಆ ಸದ್ದನ್ನು ಒಬ್ಬೊಬ್ಬ ವಾಚಕನೂ ತನ್ನ ಮನೆಯ ಬಾಗಿಲಿನಲ್ಲೇ ಕೇಳುತ್ತಾನೆ.