ಖಾಲಿ ಹುದ್ದೆಗೆ ಬೆತ್ತದ ನೇಮಕ

2025ರ ಅಕ್ಟೋಬರ್‌ನಲ್ಲಿ ಚಿತ್ರದುರ್ಗ ಜಿಲ್ಲೆಯ ನಾಯಕನಹಟ್ಟಿಯಿಂದ ಒಂದು ವಿಡಿಯೊ ಹೊರಬಿತ್ತು. ಗುರು ತಿಪ್ಪೇರುದ್ರಸ್ವಾಮಿ ದೇವಸ್ಥಾನದ ವಸತಿ ವೇದ ಪಾಠಶಾಲೆಯಲ್ಲಿ ಪುಟ್ಟ ಹುಡುಗನೊಬ್ಬನನ್ನು ಪಾಠ ಹೇಳಿಕೊಡಬೇಕಾದವರೇ ಒದೆಯುತ್ತಿದ್ದ ದೃಶ್ಯ ಅದು. ಬೇರೆಯವರ ಮೊಬೈಲ್ ಇಸಕೊಂಡು ಅಜ್ಜಿಗೆ ಫೋನ್ ಮಾಡಿದ್ದೇ ಹುಡುಗನ ತಪ್ಪು. ಪ್ರಕರಣ ದಾಖಲಾಯಿತು, ಬಂಧನವೂ ಆಯಿತು. ಇಂಥದ್ದಕ್ಕೆ ಎಲ್ಲರೂ ಛೀ ಎನ್ನುತ್ತಾರೆ, ಅಲ್ಲಿ ವಿವಾದವಿಲ್ಲ. ವಿವಾದ ಶುರುವಾಗುವುದು ಆಮೇಲೆ, 'ಒದೆಯಬಾರದಾಗಿತ್ತು ನಿಜ, ಎರಡೇಟು ಬಿಟ್ಟಿದ್ದರೆ ಸಾಕಿತ್ತು' ಎಂಬ ಮಾತಿನಿಂದ. ನಾಯಕನಹಟ್ಟಿಯಲ್ಲೂ ಹಿರಿಯೂರು ತಾಲ್ಲೂಕಿನ ಧರ್ಮಪುರದಲ್ಲೂ ಬೆಂಗಳೂರಿನಲ್ಲೂ ಈ ಮಾತು ಒಂದೇ ರಾಗದಲ್ಲಿ ಕೇಳುತ್ತದೆ. ಒದೆತವನ್ನು ಖಂಡಿಸುವುದು ಸುಲಭ. ಆ 'ಎರಡೇಟು' ಯಾಕೆ ನಮಗೆ ಇಷ್ಟು ಸಹಜವಾಗಿ ಬಾಯಿಗೆ ಬರುತ್ತದೆ, ಅದು ಯಾರ ಕೆಲಸ ಮಾಡಿಕೊಡುತ್ತಿದೆ ಎಂದು ಕೇಳಿಕೊಳ್ಳುವುದು ಕಷ್ಟ.

ಬೆತ್ತದ ಪರ ಅತಿ ಗಟ್ಟಿಯಾದ ವಾದ ಮಂಡನೆಯಾಗುವುದು ಗುರುವಂದನೆಯ ವೇದಿಕೆಗಳಲ್ಲಿ. ಶಾಲು, ಹಾರ, ಫಲತಾಂಬೂಲ ಮುಗಿದ ಮೇಲೆ ಹಳೆಯ ವಿದ್ಯಾರ್ಥಿಯೊಬ್ಬರು ಮೈಕ್ ಹಿಡಿದು, 'ಅವತ್ತು ಮೇಷ್ಟ್ರು ಹುಣಿಸೆ ಬರಲಲ್ಲಿ ಬಾರಿಸದಿದ್ದರೆ ಇವತ್ತು ನಾನು ಈ ಸ್ಥಾನದಲ್ಲಿ ಇರುತ್ತಿರಲಿಲ್ಲ' ಎನ್ನುತ್ತಾರೆ. ಚಪ್ಪಾಳೆ ಬೀಳುತ್ತದೆ. ಭಾವನೆ ಸುಳ್ಳಲ್ಲ, ಆದರೆ ಸಾಕ್ಷ್ಯವಾಗಿ ಅದಕ್ಕೆ ಬೆಲೆಯಿಲ್ಲ. ಅದೇ ಬರಲಿನ ಏಟು ತಾಳದೆ ಐದನೇ ಕ್ಲಾಸಿಗೆ ಪಾಟಿಚೀಲ ಎಸೆದು ಕುರಿ ಹಿಂದೆ ಹೋದವನಿಗೆ ಗುರುವಂದನೆಯ ಆಹ್ವಾನ ಪತ್ರಿಕೆ ತಲುಪಿರುವುದಿಲ್ಲ. ತಲುಪಿದರೂ ಅವನ ಕೈಗೆ ಯಾರೂ ಮೈಕ್ ಕೊಡುವುದಿಲ್ಲ. ಗೆದ್ದವರನ್ನಷ್ಟೇ ಕೂರಿಸಿಕೊಂಡು ಆಟದ ನಿಯಮ ಸರಿಯಿತ್ತೇ ಎಂದು ಕೇಳಿದರೆ ಸರಿಯಿತ್ತು ಎಂದೇ ಹೇಳುತ್ತಾರೆ. ಹಿಂದೆ ಕೂಲಿಮಠಗಳಲ್ಲಿ ಮಕ್ಕಳನ್ನು ತೊಲೆಗೆ ನೇತುಹಾಕುವ ಕೋದಂಡವೆಂಬ ಶಿಕ್ಷೆಯಿತ್ತು. ಅದನ್ನು ಬಿಟ್ಟದ್ದರಿಂದ ಕನ್ನಡಿಗರ ವಿದ್ಯೆಗೆ ಏನು ಕಡಿಮೆಯಾಯಿತೆಂದು ಈವರೆಗೆ ಯಾರೂ ಹೇಳಿಲ್ಲ.

ಮಕ್ಕಳನ್ನೇ ಕೇಳಿದಾಗ ಬಂದ ಉತ್ತರ ಬೇರೆ. ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ 2009–10ರಲ್ಲಿ ಏಳು ರಾಜ್ಯಗಳ 6,632 ಮಕ್ಕಳನ್ನು ಮಾತನಾಡಿಸಿತು. ಶಾಲೆಯಲ್ಲಿ ಒಂದಲ್ಲ ಒಂದು ಬಗೆಯ ಶಿಕ್ಷೆ ಅನುಭವಿಸಿದ್ದೇವೆ ಎಂದವರು 6,623. ಇಲ್ಲ ಎಂದವರು ಒಂಬತ್ತೇ ಜನ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ 'ಯಂಗ್ ಲೈವ್ಸ್' ಅಧ್ಯಯನ ಅವಿಭಜಿತ ಆಂಧ್ರದ ಮಕ್ಕಳನ್ನು ವರ್ಷಗಟ್ಟಲೆ ಹಿಂಬಾಲಿಸಿತು. ಅದು ಆರಿಸಿಕೊಂಡ ಜಿಲ್ಲೆಗಳಲ್ಲಿ ಅನಂತಪುರವೂ ಒಂದು. ಹಿರಿಯೂರು ತಾಲ್ಲೂಕಿನ ಧರ್ಮಪುರ ಹೋಬಳಿಯ ಗಡಿ ದಾಟಿದರೆ ಅಂದಿನ ಅನಂತಪುರದ ಅಮರಾಪುರ, ಮಡಕಶಿರಾ. ಅದೇ ಒಣಬೇಸಾಯ, ಅದೇ ಶೇಂಗಾ, ಎಷ್ಟೋ ಮನೆಗಳಲ್ಲಿ ಅದೇ ತೆಲುಗು. ಆ ಅಧ್ಯಯನದಲ್ಲಿ ಎಂಟು ವರ್ಷದ ಮಕ್ಕಳಲ್ಲಿ ಶೇ 78ರಷ್ಟು ಮಂದಿ ಹಿಂದಿನ ಒಂದೇ ವಾರದಲ್ಲಿ ಶಾಲೆಯಲ್ಲಿ ಏಟು ತಿಂದಿದ್ದರು. ಹದಿನೈದು ವರ್ಷದವರಲ್ಲಿ ಈ ಪ್ರಮಾಣ ಅದರ ಅರ್ಧಕ್ಕಿಂತ ಕಡಿಮೆ. ಏಟಿನ ಉದ್ದೇಶ ಶಿಸ್ತೇ ಆಗಿದ್ದರೆ ತಿರುಗಿ ಮಾತನಾಡುವ, ಗೇಟು ಹಾರುವ ವಯಸ್ಸಿನ ಹುಡುಗರಿಗೆ ಅದು ಹೆಚ್ಚು ಬೀಳಬೇಕಿತ್ತು. ಬೀಳುತ್ತಿರುವುದು ತಿರುಗಿ ಬೀಳಲಾರದವರ ಮೇಲೆ. ನನ್ನ ಮಟ್ಟಿಗೆ ಈ ಒಂದು ಅಂಕಿ ಸಾಕು.

ಏಟಿನಿಂದ ಪಾಠ ತಲೆಗೆ ಹತ್ತುತ್ತದೆ ಎಂಬ ನಂಬಿಕೆಯನ್ನೂ ಕೊಂಚ ಹತ್ತಿರದಿಂದ ನೋಡೋಣ. ನಾಲ್ಕನೇ ಕ್ಲಾಸಿನ ಹುಡುಗಿ ಎದ್ದು ನಿಂತು ಹದಿಮೂರರ ಮಗ್ಗಿ ಹೇಳುತ್ತಿದ್ದಾಳೆ. ಹದಿಮೂರಾರ್ಲ ಎಪ್ಪತ್ತೆಂಟರವರೆಗೆ ಸಲೀಸಾಗಿ ಬಂದು ಏಳರಲ್ಲಿ ತಡೆಯುತ್ತಾಳೆ. ಆ ಗಳಿಗೆಯಲ್ಲಿ ಅವಳಿಗೆ ಬೇಕಾದದ್ದು ಎಪ್ಪತ್ತೆಂಟಕ್ಕೆ ಹದಿಮೂರು ಕೂಡಿಸಿಕೊಳ್ಳುವಷ್ಟು ಪುರುಸೊತ್ತು, ಹತ್ತು ಸೆಕೆಂಡಿನ ಮಾತು. ಮೇಜಿನ ಮೇಲಿದ್ದ ಸ್ಕೇಲು ಮೇಲೆದ್ದರೆ ಅವಳ ಕಣ್ಣು ಸ್ಕೇಲಿನ ಮೇಲೆ, ಮನಸ್ಸು ಅಂಗೈ ಮೇಲೆ. ಮಾರನೇ ದಿನ ಅವಳು ತೊಂಬತ್ತೊಂದು ಎಂದು ಒಪ್ಪಿಸಬಹುದು. ಗಟ್ಟುಹೊಡೆದದ್ದಕ್ಕೂ ಅರ್ಥವಾದದ್ದಕ್ಕೂ ವ್ಯತ್ಯಾಸ ಬಯಲಾಗುವುದು ಭಾಗಾಕಾರಕ್ಕೆ ಬಂದಾಗ. ಮನೆಮಾತು ತೆಲುಗಾದ ಗಡಿ ಊರಿನ ಮಗುವಿಗೆ ಲೆಕ್ಕ ಗೊತ್ತಿದ್ದು ಕನ್ನಡದ ಪದ ಸಿಗದೆ ನಿಂತಿರಬಹುದು ಎಂಬುದನ್ನಂತೂ ಸ್ಕೇಲು ಕೇಳಿಸಿಕೊಳ್ಳುವುದೇ ಇಲ್ಲ.

ಹಾಗಾದರೆ ಮೇಷ್ಟ್ರು ಕ್ರೂರಿಗಳೇ? ಬಹುಪಾಲು ಅಲ್ಲ. ಬೆತ್ತ ವಿರೋಧಿಸುವವರಲ್ಲಿ ಹಲವರು ಎಡವುವುದು ಇಲ್ಲೇ. ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯನ್ನೇ ತೆಗೆದು ನೋಡಿ: ಕಿರಿಯ ಪ್ರಾಥಮಿಕದಲ್ಲಿ 60 ಮಕ್ಕಳ ತನಕ ಇಬ್ಬರು ಶಿಕ್ಷಕರು. ತರಗತಿ ಐದು, ಶಿಕ್ಷಕರು ಇಬ್ಬರು. ಅವರಲ್ಲೊಬ್ಬರಿಗೆ ಬಿಸಿಯೂಟದ ಅಕ್ಕಿ–ಬೇಳೆ ಲೆಕ್ಕ, ಮೊಟ್ಟೆ ಎಷ್ಟು ಬಾಳೆಹಣ್ಣು ಎಷ್ಟು ಎಂಬ ದಾಖಲೆ, ಆನ್‌ಲೈನ್ ಮಾಹಿತಿ ತುಂಬುವುದು, ಬಿಇಒ ಕಚೇರಿಯ ಸಭೆ, ಮತದಾರರ ಪಟ್ಟಿ. 2025ರಲ್ಲಿ ಸಾಮಾಜಿಕ–ಶೈಕ್ಷಣಿಕ ಸಮೀಕ್ಷೆಗೆ ಶಿಕ್ಷಕರನ್ನು ಮನೆಮನೆಗೆ ಕಳಿಸಿ, ಅದು ಮುಗಿಯಲಿಲ್ಲವೆಂದು ದಸರಾ ರಜೆಯನ್ನೇ ಅಕ್ಟೋಬರ್ 18ರವರೆಗೆ ಎಳೆಯಲಾಯಿತು. ಉಳಿದೊಬ್ಬರು ಐದು ತರಗತಿಯ ಮಕ್ಕಳನ್ನು ಒಂದೇ ಕೋಣೆಯಲ್ಲಿ ಕೂರಿಸಿಕೊಂಡಾಗ ಬೆತ್ತ ಎರಡನೇ ಮೇಷ್ಟ್ರ ಕೆಲಸ ಮಾಡುತ್ತದೆ. ಸಂಬಳ ಕೇಳುವುದಿಲ್ಲ, ವರ್ಗಾವಣೆ ಕೇಳುವುದಿಲ್ಲ. ಸರ್ಕಾರಕ್ಕೆ ಇದಕ್ಕಿಂತ ಅಗ್ಗದ ನೇಮಕಾತಿ ಇನ್ನೊಂದಿಲ್ಲ. ಶಿಸ್ತು ಎಂದು ನಾವು ಕರೆಯುತ್ತಿರುವುದು ಬಹುಮಟ್ಟಿಗೆ ಈ ಕೊರತೆಯನ್ನೇ.

ಬೇರೆ ದಾರಿಯೇ ಇಲ್ಲವೆಂದೇನೂ ಅಲ್ಲ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಾಲೆಗಳಲ್ಲಿ ಶುರುವಾದ ನಲಿ–ಕಲಿ ಎದುರಿಸಿದ್ದು ಇದೇ ಸಮಸ್ಯೆಯನ್ನು: ಒಬ್ಬ ಶಿಕ್ಷಕ, ಹಲವು ತರಗತಿ. ಆಂಧ್ರದ ರಿಷಿ ವ್ಯಾಲಿಯ ಪ್ರಯೋಗ ನೋಡಿಬಂದ ನಮ್ಮ ಸರ್ಕಾರಿ ಶಾಲೆಯ ಶಿಕ್ಷಕರೇ ಅದನ್ನು ಕಟ್ಟಿದರು. ಮಕ್ಕಳು ಗುಂಪುಗಳಲ್ಲಿ ಕೂತು, ಕಲಿಕಾ ಏಣಿಯಲ್ಲಿ ತಮ್ಮ ಮೆಟ್ಟಿಲು ತಾವೇ ನೋಡಿಕೊಂಡು, ತಮ್ಮ ಕಾರ್ಡು ತಾವೇ ತೆಗೆದುಕೊಳ್ಳುವ ಕ್ರಮ. ಸುಮ್ಮನೆ ಕೈಕಟ್ಟಿ ಕೂರಬೇಕಾದ ಮಗುವನ್ನು ಕೂರಿಸಲು ಬೆತ್ತ ಬೇಕು, ಕೈಯಲ್ಲಿ ಕೆಲಸವಿರುವ ಮಗುವಿಗೆ ಬೇಡ. ನಲಿ–ಕಲಿಗೆ ತನ್ನದೇ ದೋಷಗಳಿವೆ, ಅದರ ಬಗ್ಗೆ ಶಿಕ್ಷಕರ ತಕರಾರುಗಳೂ ನ್ಯಾಯವಾದವೇ. ಆದರೆ ಮೂರನೇ ತರಗತಿ ದಾಟುತ್ತಲೇ ಆ ಕ್ರಮ ನಿಂತು ಪಠ್ಯಪುಸ್ತಕ, ಕಪ್ಪುಹಲಗೆ, ಸಾಲಾಗಿ ಕೂರುವಿಕೆ ಶುರು. ಸ್ಕೇಲಿಗೂ ಅಲ್ಲಿಂದ ಕೆಲಸ ಶುರು.

ಮೇಲಿನ ತರಗತಿಗಳಲ್ಲಿ ಒತ್ತಡದ ಮೂಲ ಬೇರೆ. 2023ರ ಎಸ್ಸೆಸ್ಸೆಲ್ಸಿಯಲ್ಲಿ ಚಿತ್ರದುರ್ಗ ಶೇ 96.80 ಫಲಿತಾಂಶದೊಂದಿಗೆ ರಾಜ್ಯಕ್ಕೇ ಮೊದಲು. ಸಿಹಿ ಹಂಚಿದ್ದೂ ಆಯಿತು. ಮರುವರ್ಷ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಬಂತು. ರಾಜ್ಯದ ಫಲಿತಾಂಶ ಶೇ 83.89ರಿಂದ 73.40ಕ್ಕೆ ಇಳಿಯಿತು, ಅದೂ ಕೃಪಾಂಕ ಧಾರಾಳವಾಗಿ ಕೊಟ್ಟ ಮೇಲೆ. ಚಿತ್ರದುರ್ಗ ಮೊದಲ ಹತ್ತರ ಪಟ್ಟಿಯಲ್ಲೇ ಇರಲಿಲ್ಲ. ಇಂಥ ಪಟ್ಟಿ ಹೊರಬಿದ್ದ ದಿನವೇ ಕಾರಣ ಕೇಳುವ ಸರಪಳಿ ಮೇಲಿಂದ ಕೆಳಕ್ಕೆ ಇಳಿಯುತ್ತದೆ: ಬೆಂಗಳೂರಿಂದ ಜಿಲ್ಲೆಗೆ, ಡಿಡಿಪಿಐಯಿಂದ ಬಿಇಒಗೆ, ಅಲ್ಲಿಂದ ಮುಖ್ಯ ಶಿಕ್ಷಕರಿಗೆ, ವಿಷಯ ಶಿಕ್ಷಕರಿಗೆ. ಪ್ರತಿಯೊಬ್ಬರಿಗೂ ಬೈಯಲು ಕೆಳಗೊಬ್ಬರು ಇರುತ್ತಾರೆ. ಕೊನೆಯ ಕೊಂಡಿಯಲ್ಲಿರುವ ಹುಡುಗನಿಗೆ ಯಾರೂ ಇಲ್ಲ. ಅವನ ಬೆನ್ನ ಮೇಲೆ ಬೀಳುವುದು ಗಣಿತದ ಮೇಷ್ಟ್ರ ಸಿಟ್ಟೊಂದೇ ಅಲ್ಲ.

ಕಾನೂನು ಇದೆಯಲ್ಲ ಎನ್ನಬಹುದು. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಆದರೆ ಆ ಕಾಯ್ದೆಯ ವ್ಯಾಪ್ತಿ 6ರಿಂದ 14 ವರ್ಷ. ಎಸ್ಸೆಸ್ಸೆಲ್ಸಿಯ ಹುಡುಗ, ಅಂದರೆ ಒತ್ತಡ ಅತಿ ಹೆಚ್ಚು ಬೀಳುವವನು, ಸಾಮಾನ್ಯವಾಗಿ ಆ ಗೆರೆಯ ಆಚೆ. 2012ರ ತಿದ್ದುಪಡಿ ಮದರಸಾ, ವೇದ ಪಾಠಶಾಲೆ ಮತ್ತು ಮುಖ್ಯವಾಗಿ ಧಾರ್ಮಿಕ ಬೋಧನೆಯ ಸಂಸ್ಥೆಗಳನ್ನು ಕಾಯ್ದೆಯಿಂದಲೇ ಹೊರಗಿಟ್ಟಿತು. ನಾಯಕನಹಟ್ಟಿಯ ಆ ಪಾಠಶಾಲೆ ಇದೇ ಕಿಂಡಿಯೊಳಗೆ ಬೀಳುವಂಥದ್ದು. ಉಲ್ಲಂಘಿಸಿದವರಿಗೆ 17ನೇ ಕಲಂ ಹೇಳುವುದು ಸೇವಾ ನಿಯಮದ ಪ್ರಕಾರ ಶಿಸ್ತು ಕ್ರಮ. ಸೇವಾ ನಿಯಮವೇ ಇಲ್ಲದ ಅತಿಥಿ ಶಿಕ್ಷಕರಿಗೆ ಏನು ಕ್ರಮ? ಬಾಲನ್ಯಾಯ ಕಾಯ್ದೆ 2015ರಲ್ಲಿ ದೈಹಿಕ ಶಿಕ್ಷೆಗೆಂದೇ 82ನೇ ಕಲಂ ಇದೆ, ಅದು ಅನ್ವಯಿಸುವುದು ಮಕ್ಕಳ ಪಾಲನಾ ಸಂಸ್ಥೆಗಳಿಗೆ ಮಾತ್ರ, ಮೊದಲ ತಪ್ಪಿಗೆ 10 ಸಾವಿರ ರೂಪಾಯಿ ದಂಡ. ಕ್ರೌರ್ಯಕ್ಕೆ ಸಂಬಂಧಿಸಿದ 75ನೇ ಕಲಮನ್ನು ಬಳಸಲು ಸಾಧ್ಯವಿದೆ. ಅದು ನೆನಪಾಗುವುದು ವಿಡಿಯೊ ಹರಿದಾಡಿದ ಮೇಲೆ. ಇನ್ನೊಂದು ಕಡೆ, 1860ರ ದಂಡಸಂಹಿತೆಯ 'ಸದ್ಭಾವನೆಯಿಂದ, ಮಗುವಿನ ಒಳಿತಿಗಾಗಿ, ಪೋಷಕರ ಒಪ್ಪಿಗೆಯಿಂದ' ಮಾಡಿದ್ದು ಅಪರಾಧವಲ್ಲ ಎಂಬ ರಕ್ಷಣೆ 2023ರ ಭಾರತೀಯ ನ್ಯಾಯಸಂಹಿತೆಗೂ ದಾಟಿ ಬಂದಿದೆ. ಇಂಗ್ಲೆಂಡ್ ತನ್ನ ಸರ್ಕಾರಿ ಶಾಲೆಗಳಿಂದ ಬೆತ್ತವನ್ನು 1987ರಲ್ಲೇ ಓಡಿಸಿತು. ವಿಕ್ಟೋರಿಯಾ ಕಾಲದ ಅದರ ವಾಕ್ಯ ಮಾತ್ರ ನಮ್ಮಲ್ಲಿ ಭದ್ರವಾಗಿದೆ.

ಶಿಕ್ಷಕರ ಕಡೆಯಿಂದ ಬರುವ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಫೇಲ್ ಮಾಡುವಂತಿಲ್ಲ, ಗದರುವಂತಿಲ್ಲ, ಕಿವಿ ಹಿಂಡಿದರೆ ಠಾಣೆ. ಹಾಗಾದರೆ ನಾವು ಏನು ಮಾಡಬೇಕು ಎನ್ನುತ್ತಾರೆ. 2025ರ ಮಾರ್ಚ್‌ನಲ್ಲಿ ಕೇರಳ ಹೈಕೋರ್ಟು, ಶಿಕ್ಷಕರು ಬೆತ್ತ ಬಳಸದಿದ್ದರೂ ಕೈಯಲ್ಲಿ ಹಿಡಿದಿರಲಿ, ಅದೇ ಮಕ್ಕಳ ಮೇಲೆ ಪರಿಣಾಮ ಬೀರುತ್ತದೆ ಎಂಬರ್ಥದ ಮಾತು ಹೇಳಿ, ಶಿಕ್ಷಕರ ಮೇಲೆ ದೂರು ಬಂದ ಕೂಡಲೇ ಬಂಧಿಸದೆ ಪ್ರಾಥಮಿಕ ವಿಚಾರಣೆ ನಡೆಸಬೇಕೆಂದಿತು. ಎರಡನೆಯದನ್ನು ನಾನು ಪೂರ್ತಿ ಒಪ್ಪುತ್ತೇನೆ. ಸುಳ್ಳು ದೂರು, ಊರ ರಾಜಕೀಯ, ಹಳೆಯ ಜಿದ್ದು ಇವೆಲ್ಲ ಶಾಲೆಯ ಅಂಗಳಕ್ಕೂ ಬರುತ್ತವೆ. ಮೊದಲನೆಯದು ಮಾತ್ರ ಗಂಟಲಲ್ಲಿ ಇಳಿಯುವುದಿಲ್ಲ. ಎಂದೂ ಬೀಳದ ಬೆತ್ತಕ್ಕೆ ಯಾವ ಮಗುವೂ ಹೆದರುವುದಿಲ್ಲ. ಹೆದರಬೇಕಾದರೆ ಒಮ್ಮೆಯಾದರೂ ಬೀಳಲೇಬೇಕು. ಇನ್ನು ಗದರುವುದು, ಆಟದಿಂದ ಹೊರಗಿಡುವುದು, ಮನೆಯವರನ್ನು ಕರೆಸಿ ಮಾತನಾಡುವುದು, ಹರಿದ ಪುಸ್ತಕಕ್ಕೆ ರಟ್ಟು ಹಾಕಿಸುವುದು ಇವ್ಯಾವುದಕ್ಕೂ ಬೆತ್ತ ಬೇಕಿಲ್ಲ. ಇವಕ್ಕೆಲ್ಲ ಸಮಯ ಬೇಕು. ಆ ಸಮಯವನ್ನೇ ಇಲಾಖೆ ಕಿತ್ತುಕೊಂಡಿದೆ. ಶಿಕ್ಷಕರ ಸಂಘಗಳು ವೇತನ ಆಯೋಗಕ್ಕೆ ಹಿಡಿದ ಪಟ್ಟನ್ನು ಈ ಸಮಯಕ್ಕೂ ಹಿಡಿದರೆ ಮಕ್ಕಳ ತಂದೆತಾಯಿ ಅವರ ಜೊತೆಗೇ ನಿಂತಾರು.

ಕಡೆಯದಾಗಿ ತಂದೆತಾಯಿಯ ಒಪ್ಪಿಗೆ. 'ಕಣ್ಣೊಂದು ಬಿಟ್ಟು ಎಲ್ಲಿ ಬೇಕಾದ್ರೂ ಹೊಡೀರಿ ಮೇಷ್ಟ್ರೇ' ಎಂದು ದಾಖಲಾತಿಯ ದಿನವೇ ಹೇಳಿಹೋಗುವ ಅಪ್ಪಂದಿರಿದ್ದಾರೆ. ಇದನ್ನು ಹೇಳುವವರು ಯಾರು? ಕೂಲಿಗೆ ಹೋಗುವವರು, ಹಟ್ಟಿಯಿಂದ ಬಂದವರು, ಕಾಲೊನಿಯವರು, ಮನೆಯಲ್ಲಿ ಪಾಠ ಹೇಳಿಕೊಡಲು ಆಗದವರು. ತಹಶೀಲ್ದಾರರೋ ಡಾಕ್ಟರೋ ತಮ್ಮ ಮಗುವಿನ ಬಗ್ಗೆ ಹೀಗೆ ಹೇಳಿಹೋದದ್ದುಂಟೇ? ಕೇಂದ್ರ ಸರ್ಕಾರದ 2007ರ ಅಧ್ಯಯನದಲ್ಲಿ ಶಾಲೆಗೆ ಹೋಗುವ ಪ್ರತಿ ಮೂವರು ಮಕ್ಕಳಲ್ಲಿ ಇಬ್ಬರು ಏಟು ತಿಂದಿದ್ದರು, ಆ ಪ್ರಕರಣಗಳಲ್ಲಿ ಶೇ 62ರಷ್ಟು ಸರ್ಕಾರಿ ಮತ್ತು ನಗರಸಭೆ ಶಾಲೆಗಳಲ್ಲಿ. ಬಡವರ ಆ ಮಾತಿನಲ್ಲಿರುವುದು ಒಪ್ಪಿಗೆಗಿಂತ ಹೆಚ್ಚಾಗಿ ದೈನ್ಯ: ನಮ್ಮ ಕೈಲಾಗದ್ದನ್ನು ನೀವು ಮಾಡಿ, ಹೇಗಾದರೂ ನಾಲ್ಕಕ್ಷರ ಹತ್ತಲಿ. ಅವರು ಕೇಳುತ್ತಿರುವುದು ಪಾಠವನ್ನು. ಪಾಠ ಕೊಡಲಾಗದೆ ಏಟನ್ನಷ್ಟೇ ಕೊಟ್ಟು ಅವರ ಒಪ್ಪಿಗೆಯನ್ನು ಕವಚ ಮಾಡಿಕೊಳ್ಳುವುದು ಮೋಸ.

ಆದ್ದರಿಂದ ಕೇಳಬೇಕಾದದ್ದನ್ನು ಕೇಳಬೇಕಾದವರನ್ನೇ ಕೇಳಬೇಕು. ಹದಿನೆಂಟು ವರ್ಷದೊಳಗಿನ ಎಲ್ಲ ಮಕ್ಕಳಿಗೂ, ವೇದ ಪಾಠಶಾಲೆ, ಮದರಸಾ, ಹಾಸ್ಟೆಲ್, ಟ್ಯೂಷನ್ ಮನೆ ಎಂಬ ಭೇದವಿಲ್ಲದೆ, ಏಟು ಬೇಡವೆನ್ನುವ ಒಂದೇ ನಿಯಮವನ್ನು ರಾಜ್ಯ ಮಾಡಲಿ. ಜಿಲ್ಲೆಗಳಿಗೆ ರ‍್ಯಾಂಕ್ ಹಚ್ಚುವ ಚಪಲ ಬಿಡಲಿ. ಧರ್ಮಪುರ ಹೋಬಳಿಯ ಎಸ್‌ಡಿಎಂಸಿ ಸದಸ್ಯರಲ್ಲಿ ಒಂದು ವಿನಂತಿ: ಮುಂದಿನ ಸಭೆಯಲ್ಲಿ ಮಕ್ಕಳ ಶಿಸ್ತಿನ ಮಾತು ಬಂದರೆ, ಮೊದಲು ಈ ಶಾಲೆಗೆ ಮಂಜೂರಾದ ಹುದ್ದೆ ಎಷ್ಟು, ಭರ್ತಿಯಾದದ್ದು ಎಷ್ಟು ಎಂದು ಕೇಳಿ. ಉತ್ತರ ಸಾಮಾನ್ಯವಾಗಿ ಮುಖ್ಯ ಶಿಕ್ಷಕರ ಕೊಠಡಿಯ ಗೋಡೆಯ ಹಲಗೆಯಲ್ಲೇ ಬರೆದಿರುತ್ತದೆ, 'ಖಾಲಿ' ಎಂಬ ಕಾಲಮಿನ ಕೆಳಗೆ.