ಮಂಗನ ಕಾಯಿಲೆಯ ಸಂಶೋಧನೆ ಮಲೆನಾಡಿಗೂ ಸಿಗಲಿ

ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸಾಲುಸಾಲಾಗಿ ಸತ್ತವು, ಆಸುಪಾಸಿನ ಊರುಗಳಲ್ಲಿ ಜ್ವರ ಎದ್ದಿತು. ಆ ವರ್ಷ ದಾಖಲಾದ ರೋಗಿಗಳು 466. ಪುಣೆಯ ವೈರಸ್ ಸಂಶೋಧನಾ ಕೇಂದ್ರದ (ಇಂದಿನ ರಾಷ್ಟ್ರೀಯ ವೈರಾಣು ಸಂಸ್ಥೆ) ಟೆಲ್ಫೋರ್ಡ್ ವರ್ಕ್, ಹೆರಾಲ್ಡ್ ಟ್ರಾಪಿಡೊ ಮತ್ತು ಸಂಗಡಿಗರು ಹೊಸ ವೈರಾಣುವನ್ನು ಗುರುತಿಸಿ, ಅದು ಉಣುಗಿನಿಂದ ಹರಡುತ್ತದೆ ಎಂದು ತೋರಿಸಿಕೊಟ್ಟರು. ಅಲ್ಲಿಂದ ಈಚೆಗೆ ಈ ಕಾಯಿಲೆಯ ಬಗ್ಗೆ ಬರೆದ ಪ್ರಬಂಧಗಳ ಹಿಂದೆ ಮಲೆನಾಡಿನವರ ರಕ್ತದ ಮಾದರಿಗಳಿವೆ, ಕಾಡಿನ ನೆಲದ ಮೇಲೆ ಬಟ್ಟೆ ಎಳೆದು ಹಿಡಿದ ಉಣುಗುಗಳಿವೆ, ಬಹುಪಾಲು ಸಾರ್ವಜನಿಕ ಹಣವಿದೆ. ಆದರೂ ಅವುಗಳಲ್ಲಿ ಕೆಲವು ಚಂದಾದಾರರಿಗಷ್ಟೇ ತೆರೆಯುವ ವಿದೇಶಿ ಪತ್ರಿಕೆಗಳಲ್ಲಿವೆ. ಸಾಗರದ, ತೀರ್ಥಹಳ್ಳಿಯ ವೈದ್ಯರು ತಮ್ಮದೇ ರೋಗಿಗಳ ಕಾಯಿಲೆಯ ಬಗ್ಗೆ ಓದಲು ದುಡ್ಡು ತೆರಬೇಕಾಗುತ್ತದೆ. ಈ ಕಾಯಿಲೆಯ ಕುರಿತ ಪ್ರತಿಯೊಂದು ಪ್ರಬಂಧ ಮತ್ತು ಸರ್ಕಾರಿ ವರದಿಯ ಒಂದು ಪ್ರತಿ ಮುಕ್ತ ಸಂಗ್ರಹದಲ್ಲಿರುವುದು ಕಡ್ಡಾಯವಾಗಬೇಕು.

ಬೀಗ ಹಾಕಿದ ಜ್ಞಾನ ಜೀವಕ್ಕೆ ಎರವಾಗಬಹುದು ಎಂಬುದಕ್ಕೆ ಲೈಬೀರಿಯಾ ಸಾಕ್ಷಿ. ಅಲ್ಲಿ ಎಬೊಲಾ ಸೋಂಕು ಇರಬಹುದು, ಆರೋಗ್ಯ ಸಿಬ್ಬಂದಿ ಎಚ್ಚರದಿಂದಿರಬೇಕು ಎಂದು 1982ರಲ್ಲೇ ಯುರೋಪಿನ ಪತ್ರಿಕೆಯೊಂದರಲ್ಲಿ ಪ್ರಬಂಧ ಬಂದಿತ್ತು. 2014ರಲ್ಲಿ ಎಬೊಲಾ ಬಂದೆರಗಿದಾಗ ಆ ಎಚ್ಚರಿಕೆ ಅಲ್ಲಿನ ಅಧಿಕಾರಿಗಳಿಗೆ ಗೊತ್ತೇ ಇರಲಿಲ್ಲ. ಆ ಪ್ರಬಂಧವನ್ನು ಇಳಿಸಿಕೊಳ್ಳಲು 45 ಡಾಲರ್ ಕೊಡಬೇಕಿತ್ತು. ಅಲ್ಲಿನ ವೈದ್ಯರಿಗೆ ಅದು ಅರ್ಧ ವಾರದ ಸಂಬಳ ಎಂದು ಆ ದೇಶದ ಮುಖ್ಯ ವೈದ್ಯಾಧಿಕಾರಿಯೇ ಆಮೇಲೆ ಬರೆದರು.

ನಮ್ಮ ಮಂಗನ ಕಾಯಿಲೆ ಲಸಿಕೆಯ ಕಥೆ ಇನ್ನಷ್ಟು ಬಿಡಿಸಿ ನೋಡಬೇಕಾದದ್ದು. ಹೆಬ್ಬಾಳದ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆಯಲ್ಲಿ ತಯಾರಾಗುತ್ತಿದ್ದ ಈ ಲಸಿಕೆಯ ಎರಡು ಡೋಸ್ ಶೇ 93.5ರಷ್ಟು ರಕ್ಷಣೆ ಕೊಡುತ್ತದೆ ಎಂದು 1994ರಲ್ಲಿ ‘ಇಂಡಿಯನ್ ಜರ್ನಲ್ ಆಫ್ ಮೆಡಿಕಲ್ ರಿಸರ್ಚ್’ ಪ್ರಕಟಿಸಿತು. 2005ರಿಂದ 2010ರವರೆಗಿನ ದಾಖಲೆಗಳನ್ನು ಜಾಲಾಡಿದ ಕಸಬಿ ಮತ್ತು ಸಂಗಡಿಗರು 2013ರಲ್ಲಿ ಕೊಟ್ಟ ಲೆಕ್ಕ ಬೇರೆಯೇ ಆಗಿತ್ತು: ಎರಡು ಡೋಸ್‌ಗೆ ಶೇ 62.4, ಬೂಸ್ಟರ್ ಸೇರಿದರೆ ಶೇ 82.9. ಲಸಿಕೆ ಹಾಕಿಸಿಕೊಂಡವರ ಪ್ರಮಾಣವೂ ಕಡಿಮೆಯಿತ್ತು. ಸೂಜಿ ಚುಚ್ಚಿದ ಜಾಗದ ನೋವಿಗೆ ಹೆದರಿ ಮುಂದಿನ ಡೋಸ್‌ಗೆ ಬಾರದವರನ್ನು ಹಳ್ಳಿಯ ಅಜ್ಞಾನಿಗಳು ಎಂದು ತಳ್ಳಿಹಾಕುವುದು ತಪ್ಪು. ಒಂದು ತಿಂಗಳ ಅಂತರದಲ್ಲಿ ಎರಡು ಸಲ, ಮತ್ತೆ ಕೆಲವು ತಿಂಗಳಿಗೆ ಬೂಸ್ಟರ್, ಆಮೇಲೆ ವರ್ಷವರ್ಷವೂ ತೋಳು ಒಡ್ಡಬೇಕೆಂದರೆ ಪ್ರಯೋಜನವೆಷ್ಟು ಎಂದು ಕೇಳುವ ಹಕ್ಕು ಅವರಿಗಿದೆ. 2013–14ರಲ್ಲಿ ಶಿವಮೊಗ್ಗ ಜಿಲ್ಲೆಯಲ್ಲಿ ಕಾಯಿಲೆ ಉಲ್ಬಣಿಸಿದ್ದರ ಕುರಿತು 2015ರಲ್ಲಿ ಬಂದ ಕಿರಣ್ ಮತ್ತು ಸಂಗಡಿಗರ ಅಧ್ಯಯನ, ಲಸಿಕೆಯ ಪರಿಣಾಮ ಕಡಿಮೆ, ಕಾಯಿಲೆ ಲಸಿಕೆ ಹಾಕುವ ಪ್ರದೇಶ ಮತ್ತು ವಯೋಮಾನಗಳನ್ನು ದಾಟಿದೆ, ಕಾರ್ಯತಂತ್ರವನ್ನೇ ಮರುಪರಿಶೀಲಿಸಬೇಕು ಎಂದು ನೇರವಾಗಿ ಹೇಳಿತು. ಆದರೂ ಅದೇ ಲಸಿಕೆ ಮುಂದುವರಿಯಿತು. 2018ರ ಕೊನೆಯಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಸಾವುಗಳು ಶುರುವಾದವು. ಲಸಿಕೆ ನಿಂತದ್ದು 2022ರ ಹೊತ್ತಿಗೆ.

ಇಲ್ಲೇ ಪ್ರಬಲವಾದ ಆಕ್ಷೇಪ ಏಳುತ್ತದೆ. 2013 ಮತ್ತು 2015ರ ಆ ಎರಡೂ ಪ್ರಬಂಧಗಳು ಯಾರು ಬೇಕಾದರೂ ಉಚಿತವಾಗಿ ಓದಬಹುದಾದ ಪತ್ರಿಕೆಗಳಲ್ಲೇ ಬಂದಿದ್ದವು. ಮುಕ್ತವಾಗಿದ್ದೂ ಏನು ಬದಲಾಯಿತು? ಬದಲಾವಣೆ ತಡವಾಯಿತು ಎಂಬುದು ನಿಜ, ಆ ವಿಳಂಬಕ್ಕೆ ತೆತ್ತ ಬೆಲೆ ದೊಡ್ಡದು. ಆದರೆ ಅಂದು ಮುಕ್ತವಾಗಿದ್ದದ್ದು ಅರ್ಧ ಸಾಕ್ಷ್ಯ ಮಾತ್ರ. ಪ್ರಬಂಧ ಹೊರಗಿತ್ತು; ಲಸಿಕೆಯ ಒಂದೊಂದು ಬ್ಯಾಚಿನ ಗುಣಮಟ್ಟ ಪರೀಕ್ಷೆಯ ವರದಿ, ತಾಲ್ಲೂಕುವಾರು ಲಸಿಕೆ ಲೆಕ್ಕ, ಸತ್ತ ಮಂಗಗಳ ಪರೀಕ್ಷೆಯ ಫಲಿತಾಂಶ ಇವೆಲ್ಲ ಕಡತದಲ್ಲಿದ್ದವು. ಶೇ 93 ಯಾಕೆ ಶೇ 62ಕ್ಕೆ ಇಳಿಯಿತು ಎಂಬ ಪ್ರಶ್ನೆಗೆ ಉತ್ತರ ಹುಡುಕಬೇಕಾದದ್ದು ಆ ಕಡತಗಳಲ್ಲೇ. ಪ್ರಬಂಧದ ಜೊತೆಗೆ ಅವೂ ಸಾರ್ವಜನಿಕವಾಗಿದ್ದಿದ್ದರೆ ಹೊಸನಗರದ ತಾಲ್ಲೂಕು ಸಭೆಯಲ್ಲೋ ವಿಧಾನಸಭೆಯಲ್ಲೋ ಅರಳಗೋಡಿನ ಸಾವುಗಳಿಗೆ ಮುಂಚೆಯೇ ಪ್ರಶ್ನೆ ಏಳಲು ಆಧಾರವಾದರೂ ಇರುತ್ತಿತ್ತು.

ಮುಕ್ತ ಪ್ರಬಂಧಗಳ ಪ್ರಭಾವವೆಲ್ಲ ಉತ್ಪ್ರೇಕ್ಷೆ ಎನ್ನುವವರು ಫಿಲಿಪ್ ಡೇವಿಸ್ ಮತ್ತು ಸಂಗಡಿಗರು 2008ರಲ್ಲಿ ‘ಬಿಎಂಜೆ’ಯಲ್ಲಿ ಪ್ರಕಟಿಸಿದ ಪ್ರಯೋಗವನ್ನು ಮುಂದಿಡುತ್ತಾರೆ. ಚೀಟಿ ಎತ್ತಿದಂತೆ ಆಯ್ದ ಕೆಲವು ಪ್ರಬಂಧಗಳನ್ನು ಅವರು ಉಚಿತವಾಗಿ ತೆರೆದಿಟ್ಟರು. ಮೊದಲ ಆರು ತಿಂಗಳಲ್ಲಿ ಓದುಗರು ಹೆಚ್ಚಿದರು, ಮೊದಲ ವರ್ಷದಲ್ಲಿ ಬೇರೆ ಪ್ರಬಂಧಗಳಲ್ಲಿ ಅವುಗಳ ಉಲ್ಲೇಖ ಮಾತ್ರ ಹೆಚ್ಚಲಿಲ್ಲ. ನನಗೆ ಇದು ಮುಕ್ತ ಸಂಗ್ರಹದ ಪರವಾದ ಸಾಕ್ಷ್ಯವಾಗಿಯೇ ಕಾಣುತ್ತದೆ. ಉಲ್ಲೇಖಿಸುವವರು ಪ್ರಬಂಧ ಬರೆಯುವವರು. ಅವರ ಸಂಸ್ಥೆಗಳಿಗೆ ಚಂದಾ ಮೊದಲೇ ಇರುತ್ತದೆ. ಹೊಸದಾಗಿ ಬಂದ ಓದುಗರು ಓದುತ್ತಾರೆ, ಬಳಸುತ್ತಾರೆ, ಬರೆಯುವುದಿಲ್ಲ. ಜ್ವರದ ರೋಗಿಯನ್ನು ಶಿವಮೊಗ್ಗಕ್ಕೋ ಮಣಿಪಾಲಕ್ಕೋ ಯಾವಾಗ ಕಳಿಸಬೇಕು ಎಂದು ತೀರ್ಮಾನಿಸುವ ವೈದ್ಯರು, ದರಗು ಗುಡಿಸಲು ಹೋಗುವವರಿಗೆ ಉಣುಗು ತಡೆವ ಡೇಪಾ ಎಣ್ಣೆ ಹಂಚುವ ಆಶಾ ಕಾರ್ಯಕರ್ತೆ, ಸುದ್ದಿ ಬರೆಯುವ ಸ್ಥಳೀಯ ವರದಿಗಾರ ಯಾವ ಉಲ್ಲೇಖದ ಪಟ್ಟಿಯಲ್ಲೂ ಕಾಣಿಸುವುದಿಲ್ಲ. ವೈದ್ಯಕೀಯ ಜ್ಞಾನದ ನಿಜವಾದ ಪ್ರಭಾವ ಇರುವುದು ಅವರ ಕೈಯಲ್ಲಿ.

ಕೇಂದ್ರ ಸರ್ಕಾರ 2024ರ ನವೆಂಬರಿನಲ್ಲಿ ಒಪ್ಪಿದ ‘ಒಂದು ದೇಶ, ಒಂದು ಚಂದಾ’ ಯೋಜನೆ ಈ ಕೊರತೆಯನ್ನು ತುಂಬುವುದಿಲ್ಲವೇ? ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ, 30 ಪ್ರಕಾಶಕರು, ಸುಮಾರು 13,000 ಪತ್ರಿಕೆಗಳು. ವಿದ್ಯಾರ್ಥಿಗಳಿಗೆ ಇದು ದೊಡ್ಡ ಉಪಕಾರ. ಆದರೆ ಯೋಜನೆ ಇರುವುದು ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಮತ್ತು ಕೇಂದ್ರದ ಸಂಶೋಧನಾ ಸಂಸ್ಥೆಗಳಿಗೆ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕಲ್ಲ. ಚಂದಾ ನಿಂತ ದಿನ ಬಾಗಿಲೂ ಮುಚ್ಚಬಹುದು. ಮುಕ್ತ ಸಂಗ್ರಹಕ್ಕೆ ಇಷ್ಟು ಹಣ ಬೇಡ. ಪರಿಶೀಲನೆ ಮುಗಿದು ಸ್ವೀಕೃತವಾದ ಹಸ್ತಪ್ರತಿಯನ್ನು ಲೇಖಕರೇ ಸಂಗ್ರಹಕ್ಕೆ ಸೇರಿಸಲು ಬಹುತೇಕ ಪ್ರಕಾಶಕರು, ಕೆಲವೊಮ್ಮೆ ಕೆಲವು ತಿಂಗಳು ಕಾಯಿಸಿದರೂ, ಒಪ್ಪುತ್ತಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ 2002ರಿಂದಲೇ ಇಂಥ ಸಂಗ್ರಹ ನಡೆಸುತ್ತಿದೆ. ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ, ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ ಎರಡೂ 2014ರಲ್ಲೇ ತಮ್ಮ ಅನುದಾನ ಪಡೆದವರಿಗೆ ಇದನ್ನು ನೀತಿಯಾಗಿ ವಿಧಿಸಿವೆ. ನೀತಿ ಕಾಗದದಲ್ಲಿ ಉಳಿಯಬಾರದೆಂದರೆ ಪ್ರತಿ ಸೇರದಿದ್ದರೆ ಮುಂದಿನ ಕಂತು ಇಲ್ಲ ಎಂಬ ಷರತ್ತು ಬೇಕು.

ಖಾಸಗಿತನದ ಆತಂಕವನ್ನು ಮಾತ್ರ ಹಗುರಾಗಿ ಕಾಣುವಂತಿಲ್ಲ. ಒಂಟಿ ಮನೆಗಳು ಚದುರಿದ ಮಲೆನಾಡಿನಲ್ಲಿ ನಕ್ಷೆಯ ಮೇಲಿನ ಒಂದು ಚುಕ್ಕೆ ಎಂದರೆ ಒಂದು ಮನೆಯ ಹೆಸರೇ. ರೋಗಿಯ ವಯಸ್ಸು, ಊರು, ತಾರೀಖು ಮೂರೂ ಒಟ್ಟಿಗೆ ಇದ್ದರೆ ಇಡೀ ಹೋಬಳಿಗೆ ಆಳು ಯಾರೆಂದು ಗೊತ್ತಾಗುತ್ತದೆ. ಆದ್ದರಿಂದ ಮನುಷ್ಯರ ಅಂಕಿಅಂಶ ಗ್ರಾಮ ಪಂಚಾಯಿತಿಗಿಂತ ಕೆಳಗೆ ಇಳಿಯಬಾರದು. ಮಂಗ ಸತ್ತ ಜಾಗ, ಉಣುಗು ಸಿಕ್ಕ ಜಾಗವನ್ನು ಮಾತ್ರ ನಿಖರವಾಗಿ ಕೊಡಬೇಕು. ಎಲ್ಲವೂ ಇಂಗ್ಲಿಷಿನಲ್ಲಿದ್ದರೆ ಯಾರಿಗೆ ಉಪಯೋಗ ಎಂಬ ಮಾತೂ ಸರಿಯೇ. ಪ್ರತಿ ಪ್ರಬಂಧಕ್ಕೆ ಒಂದು ಪುಟದ ಕನ್ನಡ ಸಾರಾಂಶವನ್ನು ಲೇಖಕರಿಂದಲೇ ಕೇಳಿ ಪಡೆಯಬೇಕು.

ಈ ಕೆಲಸಕ್ಕೆ ಈಗ ತಕ್ಕ ಹೊತ್ತು ಒದಗಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಇಂಡಿಯನ್ ಇಮ್ಯುನಾಲಜಿಕಲ್ಸ್ ಕಂಪನಿಯ ಜೊತೆ ಹೊಸ ಲಸಿಕೆಯ ಕೆಲಸ ನಡೆಸಿದೆ. ಅದನ್ನು ಇಲ್ಲಿನ ಊರುಗಳಿಗೆ ತರುವ ಮುನ್ನ ಪ್ರಯೋಗದ ವಿಧಾನ, ಪ್ರತಿ ಹಂತದ ಫಲಿತಾಂಶ, ಅಡ್ಡಪರಿಣಾಮಗಳ ಲೆಕ್ಕ, ಬ್ಯಾಚ್ ಪರೀಕ್ಷೆಯ ವರದಿ ಇವೆಲ್ಲ ಮುಕ್ತ ಸಂಗ್ರಹದಲ್ಲಿ, ಕನ್ನಡ ಸಾರಾಂಶದ ಸಮೇತ ಇರಲೇಬೇಕೆಂದು ರಾಜ್ಯ ಆರೋಗ್ಯ ಇಲಾಖೆ ಒಪ್ಪಂದದಲ್ಲೇ ಬರೆಸಿಕೊಳ್ಳಬೇಕು. ಶಿವಮೊಗ್ಗದ ವೈರಾಣು ಪತ್ತೆ ಪ್ರಯೋಗಾಲಯದಲ್ಲಿರುವ ಹಳೆಯ ದಾಖಲೆಗಳನ್ನು ಸ್ಕ್ಯಾನ್ ಮಾಡಿಸಿ, ರೋಗಿಗಳ ಗುರುತು ತೆಗೆದು, ಅದೇ ಸಂಗ್ರಹಕ್ಕೆ ಸೇರಿಸುವ ಕೆಲಸಕ್ಕೆ ಮುಂದಿನ ಬಜೆಟ್ಟಿನಲ್ಲೇ ಹಣ ತೆಗೆದಿಡಬೇಕು.